ದುಡಿಮೆಗೂ ಒಂದು ಕೋಡಿ

ದುಡಿಯುವವನಿಗೆ ದಣಿವು ಸಹಜವಾದುದು. ಅದಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ನಮ್ಮ ಬಸವಾಪಟ್ಟಣದ ಕಡೆ ಅಡಕೆಯ ಕೊಯ್ಲು ಬಂದಿತೆಂದರೆ, ಸುಲಿಯುವವರೂ ಬೇಯಿಸುವವರೂ ರಾತ್ರಿ ಬಹಳ ಹೊತ್ತಿನವರೆಗೆ ಎಚ್ಚರವಾಗಿರುವುದುಂಟು. ಆದರೆ ಕೊಯ್ಲು ಮುಗಿದೊಡನೆ ಅವರ ದಣಿವೂ ಮುಗಿಯುವುದು. ಬೆಂಗಳೂರಿನ ತಂಪು ಕೊಠಡಿಯಲ್ಲಿ ಕುಳಿತು ಕಂಪ್ಯೂಟರಿನ ಕೆಲಸ ಮಾಡುವ ನನ್ನ ತಮ್ಮನ ಮಗನ ಬಳಲಿಕೆಗಾದರೋ ಅಂತಹ ಮುಕ್ತಾಯವೇ ಕಾಣದು.

ಅವನಿಗೆ ಕೆಲಸದಲ್ಲಿ ಬೇಸರವೆಂದು ವಾಚಕರು ತಿಳಿಯಬಾರದು. ತಾನು ಬರೆದ ಪ್ರೋಗ್ರಾಮು ದೂರದೇಶದ ಬ್ಯಾಂಕೊಂದರಲ್ಲಿ ತಪ್ಪಿಲ್ಲದೆ ನಡೆಯುತ್ತಿದೆಯೆಂದು ಹೇಳುವಾಗ ಅವನ ಕಣ್ಣು ಮಿನುಗುವುದು. ತಂಗಿಯ ವಿದ್ಯಾಭ್ಯಾಸವೂ ಮನೆಯ ಮಾಳಿಗೆಯೂ ಅವನ ಸಂಬಳದಿಂದಲೇ ಆದುವು. ತೊಡಕಿರುವುದು ಹೊತ್ತಿನಲ್ಲಿ. ನಮ್ಮಲ್ಲಿ ರಾತ್ರಿ ಎಂಟಾದಾಗ ನ್ಯೂಯಾರ್ಕಿನಲ್ಲಿ ಬೆಳಗು; ಅವರು ಕೆಲಸಕ್ಕೆ ಕೂರುವ ಹೊತ್ತು ಇವನು ಊಟಕ್ಕೆ ಕೂರುವ ಹೊತ್ತು. 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯಿಂದ ಕಚೇರಿಗಳು ಮುಚ್ಚಿದ ಮೇಲೆ ನಮ್ಮ ನಡುಮನೆಯೇ ಅವನ ಕಚೇರಿಯಾಯಿತು. ಮಗನು ಕಣ್ಣೆದುರಿಗಿರುವನೆಂದು ಅವನ ತಾಯಿ ಹಿಗ್ಗಿದಳು. ಅವನಾದರೋ, “ದೊಡ್ಡಪ್ಪಾ, ಕಚೇರಿಯಿಂದ ಮನೆಗೆ ಬರಬಹುದು, ಮನೆಯೇ ಕಚೇರಿಯಾದರೆ ಎಲ್ಲಿಗೆ ಹೋಗಲಿ?” ಎಂದನು.

ಇದು ಒಬ್ಬನ ಅಳಲಲ್ಲ. ಉದ್ಯೋಗದ ಒತ್ತಡದಿಂದ ಮನಸ್ಸು ಬಸವಳಿಯುವುದನ್ನು, ರೋಗವೆಂದು ಕರೆಯದಿದ್ದರೂ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದಲ್ಲಿ ಗುರುತಿಸಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯವು ನೂರಕ್ಕೆ 35ರಷ್ಟು ಅಧಿಕವೆಂದು ಆ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಸಾರಿದುವು. ಬೆಂಗಳೂರಿನಲ್ಲಿ ಇಂತಹ ನೌಕರರನ್ನು ದಿನಕ್ಕೆ 14 ಗಂಟೆಗಳವರೆಗೆ ದುಡಿಸಲು ಅವಕಾಶ ಬೇಕೆಂಬ ಸೂಚನೆಯು 2024ರ ಜುಲೈಯಲ್ಲಿ ಬಂದಾಗ ಅವರ ಸಂಘದವರು ಪ್ರತಿಭಟಿಸಿದುದು ಸೋಮಾರಿತನದಿಂದಲ್ಲ.

ನಮ್ಮೂರಿಗೆ ಸಮೀಪದ ಸೂಳೆಕೆರೆಯನ್ನು ನೋಡಿದವರಿಗೆ ಒಂದು ಮಾತು ಹೊಳೆಯದಿರದು. ಎಷ್ಟು ದೊಡ್ಡ ಕೆರೆಯೇ ಆಗಲಿ, ನೀರು ಬಿಡಲು ತೂಬೂ, ಹೆಚ್ಚಾದುದು ಹರಿದುಹೋಗಲು ಕೋಡಿಯೂ ಇಲ್ಲದಿದ್ದರೆ ಏರಿ ನಿಲ್ಲದು. ಮನುಷ್ಯನಿಗೆ ಆ ಕೋಡಿಯನ್ನು ಶಾಸನವೂ ಯಜಮಾನರೂ ಕಟ್ಟಿಕೊಡಬೇಕಾದುದು ನ್ಯಾಯ. ಮನೆಯವರಾದ ನಮ್ಮ ಪಾಲೂ ಇದರಲ್ಲಿದೆ. ಉಣ್ಣುವ ಹೊತ್ತಿನಲ್ಲಿ ಮೊಬೈಲು ಬೇರೊಂದು ಕೋಣೆಯಲ್ಲಿರಲಿ. ಅವರ ಸಂಬಳವನ್ನು ನಂಬಿ ಹೊಸ ಸಾಲಗಳನ್ನು ಮಾಡದಿರೋಣ. ಕೆಲಸ ಬಿಡಬೇಕೆನಿಸಿದಾಗಲೂ ಬಿಡಲಾರದಂತೆ ಕಟ್ಟಿಹಾಕುವುದು ಎಷ್ಟೋ ವೇಳೆ ಆ ಸಾಲವೇ. ಊರಿಗೆ ಬಂದ ಮಗನನ್ನು “ಸಂಬಳ ಎಷ್ಟು ಹೆಚ್ಚಿತು?” ಎನ್ನುವುದಕ್ಕೆ ಮೊದಲು, “ರಾತ್ರಿ ನಿದ್ದೆ ಬರುತ್ತದೆಯೇನಪ್ಪಾ?” ಎಂದು ಕೇಳೋಣ.