ಅಲಾಯಿ ಬೆಂಕಿಯ ಮುಂದೆ ಒಂದು ಕೊಡ ನೀರು

ಆ ವರ್ಷ ಮಳೆ ಕೈಕೊಟ್ಟಿತ್ತು. ಮುದಗಲ್ಲಿನ ಸೀಮೆಯ ನಮ್ಮೂರಲ್ಲಿ ಬಾವಿಗಳು ತಳ ಕಂಡಿದ್ದವು. ಹೆಂಗಸರು ದೂರದ ಹೊಲದ ಬಾವಿಯಿಂದ ನೀರು ಹೊತ್ತು ತರುತ್ತಿದ್ದರು. ಆದರೂ ಅಲಾಯಿ ಹಬ್ಬ, ಅಂದರೆ ಮೊಹರಂ, ನಿಲ್ಲಲಿಲ್ಲ. ಚಂದ್ರ ಕಂಡ ಮೇಲೆ ಮಸೂತಿ ಮುಂದಿನ ಕುಣಿಗೆ ಗುದ್ದಲಿ ಬಿತ್ತು. ಪೆಟ್ಟಿಗೆಯಲ್ಲಿದ್ದ ಪಂಜಾಗಳು, ಅಂದರೆ ಕೈಯಾಕಾರದ ಲೋಹದ ಲಾಂಛನಗಳು, ಹೊರಬಂದು, ಹಸಿರು ಬಟ್ಟೆ ಉಟ್ಟು, ಹೂ ಮುಡಿದು, ಊದಿನ ಹೊಗೆಯಲ್ಲಿ ದೇವರಾಗಿ ಕೂತವು.

ಕುಣಿಗೆ ಕಟ್ಟಿಗೆ ಕೊಡುವುದು ಗೌಡರ ಮನೆ, ದೇವರು ಹಿಡಿಯುವುದು ಕುರುಬರ ಮನೆತನ, ಹಲಗೆ ಬಾರಿಸುವುದು ದಲಿತರ ಕೇರಿ, ಓದಿಕೆ ಮುಲ್ಲಾ ಅವರದು. ನಮ್ಮ ಆಯಿಯ ಕೊರಳಲ್ಲಿ ಲಿಂಗವಿತ್ತು. ಅದೇ ಆಯಿ ನನಗೆ ಜ್ವರ ಬಂದಾಗ ಹರಕೆ ಹೊತ್ತು, ಕೊರಳಿಗೆ ಕೆಂಪು ಲಾಡಿ ಕಟ್ಟಿಸಿ ನನ್ನನ್ನು ಫಕೀರನನ್ನಾಗಿ ಮಾಡಿದ್ದಳು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಕತ್ತಲ ರಾತ್ರಿ, ಅಂದರೆ ಒಂಬತ್ತನೆಯ ದಿನದ ರಾತ್ರಿ, ಕುಣಿಯಲ್ಲಿ ಬೆಂಕಿ ಆಳೆತ್ತರ ಎದ್ದಿತ್ತು. ಹಲಗೆಯವರು ಚರ್ಮ ಕಾಸಿಕೊಂಡು ನಾದ ಬಿಗಿ ಮಾಡಿಕೊಂಡರು. ಹೆಜ್ಜೆ ಮೇಳದವರು ಸುತ್ತು ಹಾಕಿ ದಣಿದ ಮೇಲೆ ರಿವಾಯತ ಶುರುವಾಯಿತು. ಹಾಡು ಅಚ್ಚಗನ್ನಡದ್ದು, ಕಥೆ ಮಾತ್ರ ಕರ್ಬಲಾದ್ದು. ಕ್ರಿ.ಶ. 680ರಲ್ಲಿ ಪ್ರವಾದಿಯ ಮೊಮ್ಮಗ ಹುಸೇನರನ್ನೂ ಅವರ ಸಂಗಡಿಗರನ್ನೂ ಖಲೀಫ ಯಜೀದನ ಸೈನ್ಯ ಮುತ್ತಿದ್ದು, ಯೂಫ್ರೆಟಿಸ್ ಹೊಳೆ ಕಣ್ಣೆದುರೇ ಹರಿಯುತ್ತಿದ್ದರೂ ನೀರು ಮುಟ್ಟಗೊಡದೆ ತಡೆದದ್ದು, ನೀರು ತರಲು ಹೋದ ಹುಸೇನರ ತಮ್ಮ ಅಬ್ಬಾಸರ ಎರಡೂ ತೋಳು ಕತ್ತರಿಸಿದ್ದು. ಕೊನೆಗೆ ಹಸುಗೂಸು ಅಸ್ಗರನನ್ನು ಎತ್ತಿ ಹಿಡಿದು ತಂದೆ ಹುಸೇನರು ನೀರು ಬೇಡುವ, ಬಾಣವೊಂದು ಆ ಕೂಸಿನ ಗಂಟಲಿಗೆ ನಾಟುವ ಸಾಲು ಬಂತು.

ಪಕ್ಕದಲ್ಲಿ ಆಯಿ ಬಿಕ್ಕುತ್ತಿದ್ದಳು. "ಯಾಕ ಆಯಿ, ಅಳಾಕತ್ತೀದಿ?" ಅಂದೆ.

"ಕೂಸಿಗೆ ನೀರ ಕೊಡಲಿಲ್ಲಲ್ಲೋ ತಮ್ಮಾ..." ಅಂದವಳೇ ಎದ್ದು ಹೋದಳು. ಬರುವಾಗ ಅವಳ ಸೊಂಟದ ಮೇಲೆ ಕೊಡವಿತ್ತು. ಮರುದಿನಕ್ಕೆಂದು ಮನೆಯಲ್ಲಿ ಉಳಿಸಿದ್ದ ನೀರು ಅದು. ಹಾಡುವವರಿಗೆ, ಕುಣಿದವರಿಗೆ, ಆಮೇಲೆ ಹಲಗೆಯವರಿಗೆ ಬೊಗಸೆ ಬೊಗಸೆ ಸುರಿಯುತ್ತ ಹೋದಳು. ಬೇರೆ ಮನೆಗಳಿಂದಲೂ ಕೊಡಗಳು ಬಂದವು. ನೀರಿಗೆ ಕೇರಿಗೊಂದು ಬಾವಿಯಿದ್ದ ಊರದು. ಆ ರಾತ್ರಿ ಎಲ್ಲರ ಬೊಗಸೆಗೂ ಅವೇ ಕೊಡಗಳ ನೀರು ಬಿತ್ತು. ಮರುದಿನ ದೇವರು ಹೊಳೆಗೆ ಹೋದವು, ಊರು ತನ್ನ ಹಳೆಯ ಕಟ್ಟಳೆಗೆ ಮರಳಿತು. ಆದರೆ ಆ ಕಟ್ಟಳೆಯನ್ನು ಮುರಿಯಬಹುದೆಂದು ನಾನು ಮೊದಲು ಕಂಡದ್ದು ಅಲ್ಲಿಯೇ.

ದೊಡ್ಡವನಾದ ಮೇಲೆ ಚರಿತ್ರೆ ಓದಿದೆ. ದಖ್ಖನ್ನಿನಲ್ಲಿ ಮೊಹರಂ ಬೇರೂರಿದ್ದು ಬಿಜಾಪುರ, ಗೋಲ್ಕೊಂಡಗಳ ಶಿಯಾ ಅರಸರ ಆಶ್ರಯದಲ್ಲಿ. 1686ರಲ್ಲಿ ಔರಂಗಜೇಬನ ಮುಂದೆ ಬಿಜಾಪುರದ ಆದಿಲ್‌ಶಾಹಿ ಬಿತ್ತು. ಹಬ್ಬ ಬೀಳಲಿಲ್ಲ. ಅರಮನೆಯ ಆಸರೆ ಹೋದ ಮೇಲೆ ಅದನ್ನು ಉಳಿಸಿದವರು ರೈತರು, ಕೂಲಿಯವರು, ಹಲಗೆಯವರು, ಹಾಡುವ ಅನಕ್ಷರಸ್ಥರು. ಒಬ್ಬ ಮುಸ್ಲಿಮನೂ ಇಲ್ಲದ ಹಳ್ಳಿಗಳು ಇಂದಿಗೂ ಅಲಾಯಿ ದೇವರನ್ನು ಕೂರಿಸುತ್ತವೆ. ಇದು ಯಾರೂ ಹೇರಿದ್ದಲ್ಲ. ಬರ, ಹಸಿವು, ಕೂಸು ಕಳೆದುಕೊಂಡ ಸಂಕಟ ಬಲ್ಲ ಜನ ಪರದೇಶದ ದುಃಖವೊಂದನ್ನು ತಮ್ಮದೆಂದು ಗುರುತಿಸಿ, ತಮ್ಮ ಮಾತಿನಲ್ಲಿ ಹಾಡಿಕೊಂಡರು. ಸಂಸ್ಕೃತಿಯೊಂದು ಇನ್ನೊಂದರ ಒಳಗೆ ಇಳಿಯುವ ನಿಜವಾದ ಬಗೆ ಇದು ಎಂದು ನಾನು ನಂಬಿದ್ದೇನೆ.

ರಿವಾಯತ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಿಮ್ಮೂರಲ್ಲಿ ಒಬ್ಬರಿದ್ದರೂ ಈ ಸಲ ಹಬ್ಬಕ್ಕೆ ಹೋಗಿ, ಅವರ ಮುಂದೆ ಕೂತು ಪದಗಳನ್ನು ಬರೆದುಕೊಳ್ಳಿ, ಮಕ್ಕಳ ಬಾಯಿಗೆ ಹಾಕಿ. ಅದು ನಮ್ಮ ಹಬ್ಬವಲ್ಲ ಎಂದು ಯಾರಾದರೂ ಅಂದರೆ ವಾದ ಬೇಡ. ನಿಮ್ಮ ಮನೆತನದ ಹಿರಿಯರ ಹೆಸರುಗಳನ್ನು ಓದಿ ಹೇಳಿ. ಹುಸೇನಪ್ಪ, ಫಕೀರವ್ವ, ಕಾಸಿಮಪ್ಪ ಎಂಬಂಥ ಹೆಸರು ಅಲ್ಲಿ ಸಿಕ್ಕರೂ ಸಿಗಬಹುದು.