‘ನಮ್ದೇ’ ಎಂಬ ಮಾತು

ಗಡಿನಾಡಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಮ್ಮಂಥವರಿಗೆ ‘ನಮ್ಮದು’ ಎಂಬುದು ಸುಲಭವಾಗಿ ಬಾಯಿಗೆ ಬರುವ ಮಾತಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರವು ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸಂದಿತು. ಊರುಗಳು ಇದ್ದಲ್ಲಿಯೇ ಇದ್ದವು. ಎಲ್ಲೆಗಳು ಮಾತ್ರ ಸರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಆಗಿ ಬೆಳೆಯುವ ನಮ್ಮ ಮಕ್ಕಳು ಯಾವುದನ್ನು ತಮ್ಮದೆಂದು ಕೂಗಿ ಹೇಳಬೇಕು? ಈ ಪ್ರಶ್ನೆಗೆ ಅವರಿಗೆ ಉತ್ತರವನ್ನು ಒದಗಿಸಿದ್ದು ನಮ್ಮ ಪಠ್ಯಪುಸ್ತಕವಲ್ಲ, ಕ್ರಿಕೆಟ್ಟು.

ನಮ್ಮ ಶಾಲೆಯ ಹಿಂಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಬರಹವೊಂದುಂಟು: ‘ಈ ಸಲ ಕಪ್ ನಮ್ದೇ’. ಬರೆದವನನ್ನು ಕರೆದು, “ನಮ್ದೇ ಅಲ್ಲಪ್ಪ, ನಮ್ಮದೇ ಎಂದು ಬರೆಯಬೇಕು” ಎಂದು ತಿದ್ದಹೋದೆವು. “ಅಕ್ಷರ ಹೆಚ್ಚು ಮಾಡಿದರೆ ಕಪ್ ಬರೋದಿಲ್ಲ ಸಾರ್” ಎಂದು ಅವನು ಗಂಭೀರವಾಗಿ ನುಡಿದನು. ವ್ಯಾಕರಣವು ಅಂದು ಸುಮ್ಮನಾಯಿತು. ಹಿಂದಿಯವರೂ ತಮಿಳರೂ ತೆಲುಗರೂ ಅರ್ಥಮಾಡಿಕೊಂಡು ಉಚ್ಚರಿಸುವ ಕನ್ನಡ ವಾಕ್ಯಗಳು ಎಷ್ಟಿವೆ? ಆ ಕೆಲವೇ ವಾಕ್ಯಗಳಲ್ಲಿ ಇದೊಂದು ಎಂಬುದನ್ನು ನಾವು ಒಪ್ಪಲೇಬೇಕು.

ಇದರ ಹಿಂದಿನ ಕಥೆ ಗಡಿಯ ಮಕ್ಕಳಿಗೆ ಇನ್ನಷ್ಟು ಹತ್ತಿರವಾದುದು. ಬೆಂಗಳೂರು ತಂಡವು 2009, 2011, 2016ರ ಅಂತಿಮ ಪಂದ್ಯಗಳಲ್ಲಿ ಸೋತಿತು. ಅವುಗಳಲ್ಲಿ ಎರಡು ಸೋಲುಗಳು ಹೈದರಾಬಾದಿನ ತಂಡಗಳಿಂದಲೇ ಬಂದವು: ಮೊದಲನೆಯದು ಆರು ರನ್ನುಗಳಿಂದ, ಎರಡನೆಯದು ಎಂಟು ರನ್ನುಗಳಿಂದ. ತೆಲುಗು ಗೆಳೆಯರ ನಡುವೆ ಕುಳಿತು ಈ ಸೋಲುಗಳನ್ನು ನುಂಗಿದ ಹುಡುಗರ ಕಷ್ಟ ಬೆಂಗಳೂರಿನವರಿಗೆ ತಿಳಿಯಲಾರದು. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್ನುಗಳಿಂದ ಗೆದ್ದು, ಹದಿನೆಂಟನೆಯ ವರ್ಷಕ್ಕೆ ಕಪ್ಪನ್ನು ಪಡೆದರು. ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ತರಗತಿಯಲ್ಲಿ ಆ ಸುದ್ದಿಯನ್ನು ಓದಿ ಹೇಳುವಾಗ ನಮ್ಮ ಧ್ವನಿ ಸರಾಗವಾಗಿ ಹೊರಡಲಿಲ್ಲ.

ಹಾಗಾದರೆ ಈ ತಂಡವು ಯಾರದು? 2008ರಲ್ಲಿ ಮದ್ಯದ ಉದ್ಯಮಿ ವಿಜಯ್ ಮಲ್ಯರು 11 ಕೋಟಿ 16 ಲಕ್ಷ ಡಾಲರುಗಳಿಗೆ ಇದನ್ನು ಕೊಂಡರು. ಹೆಸರಿನ ಮೊದಲರ್ಧವೂ ಒಂದು ಮದ್ಯದ ಹೆಸರಿನಿಂದಲೇ ಹುಟ್ಟಿತು. ಆಟಗಾರರು ಹರಾಜಿನಲ್ಲಿ ಬರುತ್ತಾರೆ. 2024ರ ನವೆಂಬರಿನಲ್ಲಿ ಒಬ್ಬ ಆಟಗಾರನಿಗೆ, ರಿಷಭ್ ಪಂತನಿಗೆ, ಲಖನೌ ತಂಡದವರು 27 ಕೋಟಿ ರೂಪಾಯಿ ಕೂಗಿದರು. 2023ರಿಂದ 2027ರವರೆಗಿನ ಐದು ವರ್ಷಗಳ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಪಂದ್ಯವೊಂದಕ್ಕೆ ನೂರು ಕೋಟಿಗೂ ಮೀರಿದ ಲೆಕ್ಕ. ಅಷ್ಟು ಹಣವನ್ನು ಕೊಟ್ಟವರು ಜಾಹೀರಾತುಗಳಿಂದ ಅದನ್ನು ತುಂಬಿಕೊಳ್ಳಬೇಕು; ಜಾಹೀರಾತಿನವರಿಗೆ ನೋಡುವ ಕಣ್ಣುಗಳು ಬೇಕು. ಆ ಕಣ್ಣುಗಳಲ್ಲಿ ನಮ್ಮ ನಾಲ್ಕನೆಯ ತರಗತಿಯ ಮಕ್ಕಳ ಕಣ್ಣುಗಳೂ ಸೇರಿವೆ. 2018ರಲ್ಲಿ ಪಂದ್ಯಗಳ ವಿವರಣೆ ಕನ್ನಡದಲ್ಲಿಯೂ ಬರತೊಡಗಿದ್ದಕ್ಕೆ ನಾವು ಹಿಗ್ಗಿದೆವು. ಅದಕ್ಕೆ ಕನ್ನಡದ ಮೇಲಿನ ಮಮತೆಯೊಂದೇ ಕಾರಣವಲ್ಲ, ಕನ್ನಡ ಬಲ್ಲ ಗಿರಾಕಿಗಳ ಸಂಖ್ಯೆಯೂ ಕಾರಣ ಎಂಬುದನ್ನು ಮರೆಯಲಾಗದು.

ಈ ಹಾದಿಯಲ್ಲಿ ನಮಗಿಂತ ಬಹು ಮುಂಚೆ ನಡೆದವರು ಅಮೆರಿಕದವರು. ಅಲ್ಲಿಯ ಬೇಸ್‌ಬಾಲ್ ಆಟದಲ್ಲಿ ಸಂಬಳ ಪಡೆದು ಆಡುವವರ ತಂಡವನ್ನು ಸಿನ್ಸಿನಾಟಿ ನಗರವು 1869ರಲ್ಲಿಯೇ ಬಹಿರಂಗವಾಗಿ ಕಟ್ಟಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದವರಿಗೆ ಡಾಜರ್ಸ್ ಎಂಬ ತಂಡವು ಪ್ರಾಣದಂತಿತ್ತು. ಕರಿಯರಿಗೆ ಮುಚ್ಚಿದ್ದ ದೊಡ್ಡ ಪಂದ್ಯಾವಳಿಯ ಬಾಗಿಲನ್ನು 1947ರಲ್ಲಿ ಜಾಕಿ ರಾಬಿನ್‌ಸನ್ ತೆರೆದದ್ದು ಆ ತಂಡದಿಂದಲೇ. ಆದರೆ 1957ರ ಪಂದ್ಯಗಳು ಮುಗಿದ ಮೇಲೆ ಒಡೆಯರು ತಂಡವನ್ನು ದೇಶದ ಇನ್ನೊಂದು ಅಂಚಿನ ಲಾಸ್ ಏಂಜಲೀಸಿಗೆ ಒಯ್ದರು. ಬ್ರೂಕ್ಲಿನ್ನಿನವರ ‘ನಮ್ಮದು’ ಬರಿಗೈಯಲ್ಲಿ ಉಳಿಯಿತು. ಆಟಗಾರನಿಗೂ ಸ್ವಾತಂತ್ರ್ಯವಿರಲಿಲ್ಲ. ತನ್ನನ್ನು ಕೇಳದೆ ಬೇರೆ ತಂಡಕ್ಕೆ ಕೊಟ್ಟರೆಂದು ಕರ್ಟ್ ಫ್ಲಡ್ ಎಂಬಾತನು ನ್ಯಾಯಾಲಯದ ಮೆಟ್ಟಿಲೇರಿ 1972ರಲ್ಲಿ ಸೋತನು. ಆ ಕಟ್ಟು ಸಡಿಲವಾದದ್ದು 1975ರ ಕೊನೆಯಲ್ಲಿ, ಬೇರೆ ಆಟಗಾರರ ವ್ಯಾಜ್ಯದಲ್ಲಿ.

ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ಅವರ ಉತ್ಸಾಹವು ಕುಗ್ಗೀತೆ? ನಮಗೆ ಹಾಗೆ ತೋರಲಿಲ್ಲ. ಮಕ್ಕಳು ಒಡೆಯರನ್ನು ಪ್ರೀತಿಸುತ್ತಿಲ್ಲ, ಆಟವನ್ನು ಪ್ರೀತಿಸುತ್ತಾರೆ. ಆ ಪ್ರೀತಿಯನ್ನು ಉಪಾಧ್ಯಾಯರು ಏಕೆ ವ್ಯರ್ಥವಾಗಲು ಬಿಡಬೇಕು? ಒಂದು ದಿನ ಕರಿಹಲಗೆಯ ಮೇಲೆ ‘17.4 ಓವರುಗಳಲ್ಲಿ 159 ರನ್ನು. ಓವರಿಗೆ ಸರಾಸರಿ ಎಷ್ಟು?’ ಎಂದು ಬರೆದೆವು. ಜಾಣರು 17.4ರಿಂದ ಭಾಗಿಸಿ 9.14 ಎಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅದು ದಶಾಂಶ ಅಲ್ಲ ಸಾರ್, ಓವರಿಗೆ ಆರು ಚೆಂಡು” ಎಂದಳು. 106 ಚೆಂಡುಗಳಿಗೆ 159 ರನ್ನು, ಚೆಂಡಿಗೆ ಒಂದೂವರೆ, ಓವರಿಗೆ ಸರಿಯಾಗಿ ಒಂಬತ್ತು. ಬಿಂದುವಿನ ಬಲಗಡೆ ಹತ್ತರ ಲೆಕ್ಕವೇ ಇರಬೇಕೆಂಬ ನಿಯಮವಿಲ್ಲವೆಂಬುದು ಆ ದಿನ ತರಗತಿಗೆ ಮನದಟ್ಟಾಯಿತು.

ಆದರೂ ಒಂದು ನೋವು ಉಳಿಯುತ್ತದೆ. ‘ಕಪ್ ನಮ್ದೇ’ ಎಂದು ಕೂಗುವ ತಂದೆಯರೇ ಜೂನ್ ತಿಂಗಳು ಬಂದಾಗ ಮಗುವನ್ನು ಬೇರೆ ಮಾಧ್ಯಮದ ಶಾಲೆಯ ಬಸ್ಸಿಗೆ ಹತ್ತಿಸುತ್ತಾರೆ. ನಮ್ಮ ಒಂದನೆಯ ತರಗತಿಯ ಹಾಜರಿಪುಸ್ತಕವು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಅವರನ್ನು ನಾವು ಹಳಿಯುವುದಿಲ್ಲ. ಮಕ್ಕಳ ಹೊಟ್ಟೆಪಾಡಿನ ಚಿಂತೆ ಅವರದು. ಆದರೆ ಎರಡು ತಿಂಗಳ ಪಂದ್ಯಾವಳಿಗೆ ಮಾತ್ರ ಸಾಕಾಗುವ ಕನ್ನಡದಿಂದ ಕನ್ನಡವು ಉಳಿಯಲಾರದು. ಅದನ್ನು ಓದಬೇಕು, ಬರೆಯಬೇಕು, ಅದರಲ್ಲಿ ಲೆಕ್ಕ ಮಾಡಬೇಕು, ಜಗಳವನ್ನೂ ಆಡಬೇಕು.

ಆದುದರಿಂದ ಈಗ ನಮ್ಮ ಶಾಲೆಯಲ್ಲಿ ಶನಿವಾರದ ಆಟದ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿಯು ಬೇವಿನ ಮರದ ಕೆಳಗೆ ನಿಂತು ಕನ್ನಡದಲ್ಲಿ ಆಟದ ವಿವರಣೆ ನೀಡಬೇಕೆಂದು ಗೊತ್ತುಮಾಡಿದ್ದೇವೆ. ಮೊದಮೊದಲು ‘ಹೊಡೆದ, ಓಡಿದ’ ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಈಗ ಚೆಂಡು ಬೇಲಿ ದಾಟುವುದರೊಳಗೆ ನಾಲ್ಕು ವಾಕ್ಯಗಳು ಹೊರಡುತ್ತವೆ. ಕಳೆದ ಶನಿವಾರ ಪಕ್ಕದ ತೆಲುಗು ಮಾಧ್ಯಮದ ಹುಡುಗನೊಬ್ಬನು ಬಂದು, ತನಗೂ ಒಂದು ಓವರು ಬಿಟ್ಟುಕೊಡಬೇಕೆಂದು ಕೇಳಿದನು. ಕೊಟ್ಟೆವು. ಅವನ ಕನ್ನಡದಲ್ಲಿ ತಪ್ಪುಗಳು ಇದ್ದವು, ಯಾರೂ ತಿದ್ದಲಿಲ್ಲ. ಸಹೋದ್ಯೋಗಿಗಳು ತಮ್ಮ ಶಾಲೆಗಳಲ್ಲಿಯೂ ಇದನ್ನು ಮಾಡಿ ನೋಡಬೇಕೆಂದು ನಮ್ಮ ಬಿನ್ನಹ. ಇದಕ್ಕೆ ಒಂದು ಬೇವಿನ ಮರ ಸಾಕು.