ಆಗದ ಕೆಲಸಕ್ಕೆ ಬಿಲ್ಲು ಬರೆಯದ ಕೈ

ಬಸವಾದಿ ಶಿವಶರಣರು ದುಡಿಮೆಗೆ ಕಾಯಕವೆಂಬ ಹೆಸರಿತ್ತು ಅದನ್ನು ಪೂಜೆಯ ಸಮಕ್ಕೆ ತಂದು ನಿಲ್ಲಿಸಿದರು. ಆದರೆ ಎಲ್ಲ ದುಡಿಮೆಯೂ ಕಾಯಕವಾಗಲಾರದು. ಅದು ಸತ್ಯಶುದ್ಧವಾಗಿರಬೇಕು, ಅದರ ಫಲವು ದಾಸೋಹಕ್ಕೆ ಸಲ್ಲಬೇಕು. ಮೊದಲನೆಯ ನಿಯಮ ತಪ್ಪಿದರೆ ಎರಡನೆಯದಕ್ಕೆ ಬೆಲೆಯಿಲ್ಲ. ಮೋಸದಿಂದ ಗಳಿಸಿದ ಹಣದಲ್ಲಿ ಸಾವಿರ ಜನರಿಗೆ ಪ್ರಸಾದ ಮಾಡಿಸಿದರೂ ಅದು ದಾಸೋಹವಾಗದು ಎಂಬುದೇ ಶರಣರ ನಿಲುವು.

ಈ ನಿಲುವನ್ನು ತಿಳಿಯಲು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವೊಂದೇ ಸಾಕು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದು. ಒಂದು ದಿನ ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ಕೊಂಡೊಯ್ಯಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದ ಅಕ್ಕಿ ತಮ್ಮದಲ್ಲವೆಂದು, ಅದನ್ನು ಇದ್ದಲ್ಲಿಗೇ ಸುರಿದು ಬರಬೇಕೆಂದು ಪತಿಯನ್ನೇ ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿಯನ್ನು ಯಾರೂ ಕದ್ದಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಆದರೂ ಅದು ಹೆಚ್ಚಿನದಾಗಿತ್ತು. ಬೀದಿ ಗುಡಿಸುವ ಕಾಯಕದ ಸತ್ಯಕ್ಕನವರೂ ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂಬ ನಿಷ್ಠೆಯವರು. ಯಾರೂ ನೋಡದಿರುವಾಗ ಕೈ ಹೇಗಿರುತ್ತದೆ ಎಂಬುದರಲ್ಲಿಯೇ ಕಾಯಕದ ಪರೀಕ್ಷೆ ಇದೆ.

ಈ ಪರೀಕ್ಷೆ ಇಂದು ದಿನನಿತ್ಯ ನಡೆಯುವ ಸ್ಥಳಗಳಲ್ಲಿ ವಾಹನ ರಿಪೇರಿಯ ಗ್ಯಾರೇಜು ಒಂದು. ಬೆಂಗಳೂರಿನ ಉತ್ತರ ಭಾಗದಲ್ಲಿ ಯಲಹಂಕದಿಂದ ಹೆಬ್ಬಾಳದವರೆಗೆ, ಆರ್.ಟಿ. ನಗರದಿಂದ ಯಶವಂತಪುರದವರೆಗೆ, ಮನೆಗೊಂದು ಕಾರು ಎಂಬಂತಾಗಿದೆ. ಕಾರಿನ ಒಡೆಯನಿಗೆ ಬಾನೆಟ್ಟಿನ ಕೆಳಗೇನಿದೆ ಎಂಬುದು ತಿಳಿಯದು. ಮೆಕ್ಯಾನಿಕ್ ಹೇಳಿದ್ದನ್ನು ನಂಬಬೇಕು, ಇಲ್ಲವೇ ಬಿಡಬೇಕು. ವೈದ್ಯನ ಮುಂದೆ ರೋಗಿ ಇದ್ದಂತೆ ಮೆಕ್ಯಾನಿಕ್‌ನ ಮುಂದೆ ಅವನ ಸ್ಥಿತಿ. ತಿಳಿಯದವನ ಹಣ ತಿಳಿದವನ ಕೈಯಲ್ಲಿರುವಾಗ, ನಡುವೆ ಇರುವ ಕಾವಲು ಆ ಕೈಯ ಸತ್ಯವೊಂದೇ.

ಯಲಹಂಕ ಉಪನಗರದಲ್ಲಿ ನೆಲೆಸಿರುವ, ನಿವೃತ್ತ ಶಿಕ್ಷಕರಾದ ಭಕ್ತರೊಬ್ಬರ ಅನುಭವ ಇದಕ್ಕೆ ತಕ್ಕ ನಿದರ್ಶನ. ಅವರಲ್ಲೊಂದು ಹಳೆಯ ಸಣ್ಣ ಕಾರಿದೆ. ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಹುಣ್ಣಿಮೆಗೆ ಮಠಕ್ಕೆ ಬರಲು ಅವರಿಗೆ ಅದೇ ಆಧಾರ. ಒಮ್ಮೆ ಹಳ್ಳದ ರಸ್ತೆಯಲ್ಲಿ ಮುಂದಿನ ಚಕ್ರದ ಬಳಿ ಕಟಕಟ ಶಬ್ದ ಬರತೊಡಗಿತು. ಅವರು ಒಂದು ಗ್ಯಾರೇಜಿಗೆ ಹೋದರು. ಆ ಗ್ಯಾರೇಜನ್ನೇ ಆರಿಸಿಕೊಳ್ಳಲು ಕಾರಣ ಸರಳವಾದುದು: ಮಾಲೀಕರ ಹಣೆಯಲ್ಲಿ ವಿಭೂತಿ ಇತ್ತು, ಗೋಡೆಯಲ್ಲಿ ಬಸವಣ್ಣನವರ ಭಾವಚಿತ್ರವಿತ್ತು. ನಮ್ಮವರೇ, ಮೋಸ ಮಾಡಲಾರರು ಎಂದು ಅವರು ಭಾವಿಸಿದರು.

ಅಲ್ಲಿ ಸ್ಟಿಯರಿಂಗ್ ರ‍್ಯಾಕ್, ಎರಡು ಶಾಕ್ ಅಬ್ಸಾರ್ಬರ್, ಮುಂದಿನ ಬ್ರೇಕ್ ಪ್ಯಾಡ್ ಎಲ್ಲವನ್ನೂ ಬದಲಿಸಬೇಕೆಂದರು. ಲಿಖಿತ ಅಂದಾಜು ಕೊಡಲಿಲ್ಲ. ಮೂರು ದಿನಗಳ ನಂತರ 31,000 ರೂಪಾಯಿಗಳ ಬಿಲ್ಲು ಬಂದಿತು. ಹಳೆಯ ಭಾಗಗಳನ್ನು ಕೇಳಿದಾಗ ಗುಜರಿಯವರು ಒಯ್ದರೆಂಬ ಉತ್ತರ ದೊರೆಯಿತು. ಎರಡು ತಿಂಗಳ ಪಿಂಚಣಿಯ ಉಳಿತಾಯ ಅಲ್ಲಿಗೆ ಮುಗಿಯಿತು. ಶಬ್ದ ಮಾತ್ರ ನಿಲ್ಲಲಿಲ್ಲ.

ಪರಿಚಯದವರೊಬ್ಬರು ಆರ್.ಟಿ. ನಗರದ ಒಳಬೀದಿಯ ಒಂದು ಚಿಕ್ಕ ಗ್ಯಾರೇಜಿನ ದಾರಿ ತೋರಿದರು. ಅಲ್ಲಿನ ಮೆಕ್ಯಾನಿಕ್ ಮುಸಲ್ಮಾನರು, ವಯಸ್ಸು ಐವತ್ತರ ಮೇಲೆ. ಅವರು ಮೊದಲು ಕಾರನ್ನು ತಾವೇ ಒಂದು ಸುತ್ತು ಓಡಿಸಿ ನೋಡಿದರು. ಬಳಿಕ ಜಾಕ್ ಕೊಟ್ಟು ಚಕ್ರ ಬಿಚ್ಚಿ ಭಕ್ತರನ್ನು ಹತ್ತಿರ ಕರೆದರು. "ಸಾರ್, ನೀವೇ ನೋಡಿ. ಲಿಂಕ್ ರಾಡ್ ಸವೆದಿದೆ, ಶಬ್ದ ಅದರದ್ದೇ. ರ‍್ಯಾಕ್ ಯಾರೂ ಮುಟ್ಟಿಲ್ಲ. ಆದರೆ ಇದನ್ನು ನೋಡಿ" ಎಂದು ಬ್ರೇಕ್ ಪ್ಯಾಡ್ ತೋರಿಸಿದರು. ಬಿಲ್ಲಿನಲ್ಲಿ ಹೊಸದೆಂದು ಬರೆದಿದ್ದ ಆ ಪ್ಯಾಡು ಸವೆದು ಲೋಹದ ತಗಡಿಗೆ ಬಂದು ನಿಂತಿತ್ತು.

ಹಣ ಹೋದದ್ದಕ್ಕಿಂತ ಇದು ಆ ಭಕ್ತರನ್ನು ಹೆಚ್ಚು ಕಲಕಿತು. ಅದೇ ಕಾರಿನಲ್ಲಿ, ಅದೇ ಬ್ರೇಕನ್ನು ನಂಬಿ, ಅಸ್ವಸ್ಥ ಪತ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೆಬ್ಬಾಳದ ಮೇಲುಸೇತುವೆಯನ್ನು ಎಷ್ಟೋ ಬಾರಿ ಇಳಿದಿದ್ದರು. ರಿಪೇರಿಯಲ್ಲಿ ಮಾಡುವ ಮೋಸವನ್ನು ಬರಿಯ ಹಣದ ಮೋಸವೆಂದು ಎಣಿಸುವುದು ತಪ್ಪು. ಒಂದು ಜೀವ ಹೋಗಬಹುದೆಂದು ತಿಳಿದೂ ಮಾಡುವ ಕಾರ್ಯ ಅದು. ದಯೆಯನ್ನೇ ಧರ್ಮದ ಬೇರೆಂದು ಕಂಡ ಪರಂಪರೆಯವರು ಇದನ್ನು ವ್ಯಾಪಾರದ ಜಾಣತನವೆಂದು ಕರೆಯಲಾಗದು.

ಆರ್.ಟಿ. ನಗರದ ಮೆಕ್ಯಾನಿಕ್ ಲಿಂಕ್ ರಾಡನ್ನೂ ಬ್ರೇಕ್ ಪ್ಯಾಡನ್ನೂ ಬದಲಿಸಿ, ಪೊಟ್ಟಣದ ಮೇಲಿದ್ದ ಬೆಲೆಯನ್ನೂ ತಮ್ಮ ಕೂಲಿಯನ್ನೂ ಬೇರೆಬೇರೆಯಾಗಿ ಬರೆದುಕೊಟ್ಟರು. ಹಳೆಯ ಭಾಗಗಳನ್ನು ಕಾಗದದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟರು. ಭಕ್ತರು ಅಂದಿನಿಂದ ಅವರನ್ನು "ಭಾಯಿ" ಎಂದೇ ಕರೆಯುತ್ತಾರೆ.

2021ರ ನವೆಂಬರ್ ತಿಂಗಳಲ್ಲಿ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾದುದು, ನಿವಾಸಿಗಳನ್ನು ದೋಣಿಗಳಲ್ಲಿ ಹೊರತಂದುದು ಅನೇಕರಿಗೆ ನೆನಪಿರಬಹುದು. 2024ರ ಅಕ್ಟೋಬರಿನಲ್ಲಿಯೂ ಅಲ್ಲಿ ಅದೇ ಸಂಕಟ ಮರುಕಳಿಸಿತು. 2021ರ ಆ ಮಳೆಯಲ್ಲಿ ಈ ಭಕ್ತರ ಬೀದಿಗೂ ನೀರು ನುಗ್ಗಿ ಕಾರು ಅರ್ಧ ಮುಳುಗಿತು. ಅವರು ಭಾಯಿಗೆ ದೂರವಾಣಿ ಮಾಡಿದರು. ಭಾಯಿ ಹೇಳಿದ ಮೊದಲ ಮಾತು: "ಕೀ ತಿರುಗಿಸಬೇಡಿ ಸಾರ್." ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಎಂಜಿನ್ನಿನೊಳಗೆ ನೀರಿರುವಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿನ ಕೆಳಗಿನ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ಕಾರನ್ನು ಎಳೆದೊಯ್ದು, ಆಯಿಲ್ ಇಳಿಸಿ, ಸ್ಪಾರ್ಕ್ ಪ್ಲಗ್ ತೆಗೆದು ನೀರನ್ನು ಹೊರಹಾಕಿ ಒಣಗಿಸಿದರು. ಎಂಜಿನ್ ಉಳಿಯಿತು.

ಆಗ ಮನೆಯಲ್ಲೊಂದು ಸಲಹೆ ಹುಟ್ಟಿತು. ಎಂಜಿನ್ನನ್ನೇ ಬಿಚ್ಚಿ ಹೊಸ ಭಾಗಗಳನ್ನು ಹಾಕಿದಂತೆ ಬಿಲ್ಲು ಬರೆಸಿದರೆ ವಿಮೆಯ ಹಣ ಹೆಚ್ಚು ಬರುತ್ತದೆ, ಹಿಂದೆ ಕಳೆದುಕೊಂಡ 31,000 ರೂಪಾಯಿಯೂ ತುಂಬಿಬರುತ್ತದೆ, ಎಲ್ಲರೂ ಮಾಡುತ್ತಾರೆ. ಭಕ್ತರ ಮನಸ್ಸು ಒಪ್ಪಲಿಲ್ಲ, ಆದರೆ ಪೂರ್ತಿ ತಿರಸ್ಕರಿಸಲೂ ಇಲ್ಲ. ಅರೆಮನಸ್ಸಿನಿಂದಲೇ ಭಾಯಿಯನ್ನು ಕೇಳಿದರು. ಭಾಯಿ ಕೋಪಿಸಿಕೊಳ್ಳಲಿಲ್ಲ. "ಆಗದ ಕೆಲಸಕ್ಕೆ ಬಿಲ್ಲು ಬರೆದರೆ ನಾಳೆ ಆದ ಕೆಲಸದ ಬಿಲ್ಲನ್ನೂ ನೀವು ನಂಬುವುದಿಲ್ಲ ಸಾರ್" ಎಂದರು.

ಲಕ್ಕಮ್ಮನವರ ಅಕ್ಕಿಯ ಕಥೆಯನ್ನು ಆ ಶಿಕ್ಷಕರು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದರು. ಅದೇ ಕಥೆ ಅಂದು ಗ್ಯಾರೇಜಿನ ಎಣ್ಣೆಯ ನೆಲದ ಮೇಲೆ ಅವರ ಎದುರಿಗೆ ಬಂದು ನಿಂತಿತು. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬನ್ನಿ ಎಂದವರು ವಚನಗಳನ್ನು ಓದಿದವರಲ್ಲ. ವಚನಗಳನ್ನು ಓದಿದ್ದವರು ಸೆರಗೊಡ್ಡಿ ನಿಂತಿದ್ದರು. ಭಕ್ತರು ಆದ ಕೆಲಸಕ್ಕೆ ಮಾತ್ರ ಬಿಲ್ಲು ಪಡೆದು, ವಿಮೆಯಿಂದ ಬಂದಷ್ಟಕ್ಕೆ ತೃಪ್ತರಾದರು.

ಈ ಪ್ರಸಂಗದಲ್ಲಿ ನಾವು ಚಿಂತಿಸಬೇಕಾದ ಅಂಶ ಇಲ್ಲಿದೆ. ವಿಭೂತಿ ಶರಣರ ಲಾಂಛನ. ಲಾಂಛನಕ್ಕೆ ಶರಣೆನ್ನುವುದು ಭಕ್ತನ ಧರ್ಮ, ನಿಜ. ಆದರೆ ಲಾಂಛನವನ್ನು ಅಂಗಡಿಯ ಫಲಕವಾಗಿಸಿಕೊಂಡವರ ಬಗ್ಗೆ ಶರಣರೇ ಅತ್ಯಂತ ಕಟುವಾಗಿ ನುಡಿದಿದ್ದಾರೆ. ಅಂಬಿಗರ ಚೌಡಯ್ಯನವರ ವಚನಗಳನ್ನು ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ. ಕಲ್ಯಾಣದಲ್ಲಿ ಮನುಷ್ಯನನ್ನು ಅಳೆದದ್ದು ಹುಟ್ಟಿನಿಂದಲ್ಲ, ಕಾಯಕದಿಂದ. ಆ ಅಳತೆಗೋಲಿನಿಂದ ನೋಡಿದರೆ "ನಮ್ಮವರು" ಯಾರು ಎಂಬ ಪ್ರಶ್ನೆಗೆ ಉತ್ತರವೇ ಬೇರೆಯಾಗುತ್ತದೆ.

ಸಣ್ಣ ಗ್ಯಾರೇಜುಗಳಲ್ಲಿಯೇ ಮೋಸ, ದೊಡ್ಡ ಸಂಸ್ಥೆಗಳಲ್ಲಿ ಇಲ್ಲ ಎಂದು ತಿಳಿಯುವುದೂ ಸರಿಯಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಇದರ ವಿರುದ್ಧ ಮೇಲ್ಮನವಿಗೆ ಹೋದವು. ಆದರೂ ಆರ್.ಟಿ. ನಗರದ ಒಳಬೀದಿಯ ಮೆಕ್ಯಾನಿಕ್‌ಗೆ ಅಸಲಿ ಭಾಗ ಸಿಗಬೇಕು, ಗ್ರಾಹಕನಿಗೆ ಆಯ್ಕೆ ಇರಬೇಕು ಎಂಬ ತತ್ತ್ವವನ್ನು ಆ ಆದೇಶ ಎತ್ತಿಹಿಡಿಯಿತು.

ಭಕ್ತರು ಎಚ್ಚರವಹಿಸಬೇಕಾದ ವಿಷಯಗಳು ಕೆಲವು. ಕೆಲಸ ಆರಂಭಿಸುವ ಮೊದಲು ಲಿಖಿತ ಅಂದಾಜನ್ನು ಪಡೆಯಬೇಕು. ಹೆಚ್ಚಿನ ಕೆಲಸ ಕಂಡರೆ ಕೇಳಿಯೇ ಮಾಡಬೇಕೆಂದು ತಿಳಿಸಬೇಕು. ಬದಲಿಸಿದ ಹಳೆಯ ಭಾಗಗಳನ್ನೂ ಹೊಸ ಭಾಗದ ಖಾಲಿ ಪೊಟ್ಟಣವನ್ನೂ ಕೇಳಿ ಪಡೆಯಬೇಕು. ದೊಡ್ಡ ಮೊತ್ತವಾದರೆ ಇನ್ನೊಬ್ಬರ ಅಭಿಪ್ರಾಯ ಕೇಳಬೇಕು. ಮೊದಲು ಆಯಿಲ್ ಬದಲಾವಣೆಯಂತಹ ಸಣ್ಣ ಕೆಲಸ ಕೊಟ್ಟು ನೋಡಿ, ನಂತರ ದೊಡ್ಡ ಕೆಲಸ ಒಪ್ಪಿಸುವುದು ಒಳಿತು. ಮೋಸವಾದರೆ ಸುಮ್ಮನಿರಬೇಕಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲು ಇಲ್ಲದೆ ದೂರು ನಿಲ್ಲುವುದು ಕಷ್ಟ. ಆದ್ದರಿಂದ ತೆರಿಗೆ ಉಳಿಸುವ ಆಸೆಗೆ ಬಿಲ್ಲು ಬೇಡವೆನ್ನುವುದು ತನ್ನ ಕೈಯನ್ನು ತಾನೇ ಕಟ್ಟಿಕೊಂಡಂತೆ.

ಗ್ರಾಹಕನಿಗೂ ಒಂದು ಸತ್ಯಶುದ್ಧತೆ ಇದೆ. ಪರೀಕ್ಷೆ ಮಾಡಿಸದೆ ಹೊಗೆ ತಪಾಸಣೆಯ ಪ್ರಮಾಣಪತ್ರ ಕೇಳುವವರು, ಮಾರುವ ಮೊದಲು ಓಡಿದ ಕಿಲೋಮೀಟರನ್ನು ತಿದ್ದಿಸುವವರು, ಸುಳ್ಳು ಬಿಲ್ಲು ಬೇಡುವವರು ಮೆಕ್ಯಾನಿಕ್‌ನನ್ನು ಅಪ್ರಾಮಾಣಿಕನೆಂದು ದೂರುವುದು ಹೇಗೆ? ಪ್ರಾಮಾಣಿಕನೊಡನೆ ಕೂಲಿಗಾಗಿ ಚೌಕಾಸಿ ಮಾಡಿ, ಹಣವನ್ನು ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡರೆ ಅವನೂ ಒಂದು ದಿನ ಸೋಲುತ್ತಾನೆ. ಒಳ್ಳೆಯ ಕಾಯಕಜೀವಿ ಸಿಕ್ಕಾಗ ಅವನ ಕೂಲಿಯನ್ನು ಅಂದೇ ಕೊಡುವುದು, ನಾಲ್ಕು ಜನರಿಗೆ ಅವನ ಹೆಸರು ಹೇಳುವುದು ಕೂಡ ಶರಣಸೇವೆಯೇ.

ಮೋಸ ಮಾಡಿದವರನ್ನು ದ್ವೇಷಿಸಬೇಕೆಂದು ಶರಣರು ಹೇಳಲಿಲ್ಲ. ಕನ್ನ ಕೊರೆಯುತ್ತಿದ್ದ ಮಾರಿತಂದೆಯವರೂ ಶರಣರಾದರು. ಕನ್ನದ ಮಾರಿತಂದೆ ಎಂಬ ಹೆಸರಿನಲ್ಲಿಯೇ ಅವರ ವಚನಗಳು ಉಳಿದುಬಂದಿವೆ. ಕೈ ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸ್ಪ್ಯಾನರ್ ಹಿಡಿದ ಕೈಯಾಗಲಿ, ಬಿಲ್ಲು ಬರೆಯುವ ಕೈಯಾಗಲಿ, ಹಣ ಎಣಿಸಿಕೊಡುವ ಕೈಯಾಗಲಿ, ಇಷ್ಟಲಿಂಗವನ್ನು ಹಿಡಿಯುವ ಕೈಯಷ್ಟೇ ಶುದ್ಧವಾಗಿರಲಿ ಎಂಬುದೇ ಬಸವಾದಿ ಪ್ರಮಥರ ಆಶಯ.